ಒಂಬತ್ತು ಸೆಕೆಂಡಿನ ಗೋಲು

ಕತ್ತರಿ ಮಾಮನ ನಾದಿನಿ ತನ್ನ ಮಗು ಮೊದಲ ಹೆಜ್ಜೆ ಇಟ್ಟ ವಿಡಿಯೊವನ್ನು ಮನೆಮಂದಿಗೆಲ್ಲ ತೋರಿಸುತ್ತಿದ್ದಳು. ಮಗು ಗೋಡೆ ಬಿಟ್ಟು ಇನ್ನೇನು ಕಾಲೆತ್ತಬೇಕು, ಅಷ್ಟರಲ್ಲಿ ಮಾಮ "ಮೂವತ್ತಾಯ್ತು, ಕಟ್!" ಎಂದು ಕೂಗಿ ಫೋನನ್ನೇ ಕಸಿದುಕೊಂಡರು.

"ಭಾವ, ಇದು ನಮ್ಮ ಮಗು ಕಣ್ರೀ. ಇದರ ಹಕ್ಕು ಇನ್ನೂ ಯಾರೂ ಕೊಂಡಿಲ್ಲ," ಎಂದಳು ನಾದಿನಿ. ಎಲ್ಲರೂ ಗೊಳ್ಳೆಂದರು. ಮಾಮನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಕಸುಬೇ ಅಂಥದ್ದು. ಸುದ್ದಿವಾಹಿನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಆಟದ ದೃಶ್ಯ ಕತ್ತರಿಸುವ ಕೆಲಸ. ಆಫೀಸಿನ ಕಿರಿಯರು ಇಟ್ಟ ಹೆಸರು ಕತ್ತರಿ ಮಾಮ. ಪಂದ್ಯ ತೋರಿಸುವ ಹಕ್ಕು ಕೊಂಡದ್ದು ಬೇರೊಂದು ದೊಡ್ಡ ಕಂಪನಿ. ಇವರ ಪಾಲಿಗೆ ಒಂದು ವಾರ್ತೆಗೆ ಮೂವತ್ತು ಸೆಕೆಂಡ್, ಬೆಳಗಿನ ಆರರಿಂದ ಮರುದಿನ ಆರರವರೆಗೆ ಒಟ್ಟು ಎರಡೇ ನಿಮಿಷ. ಮೀರಿದರೆ ವಕೀಲರ ನೋಟಿಸು. ಕಳೆದ ವರ್ಷ ಪಕ್ಕದ ಕುರ್ಚಿಯವನು ಮೂರು ಸೆಕೆಂಡ್ ಹೆಚ್ಚು ಬಿಟ್ಟು, ಸಂಜೆಯೊಳಗೆ ಕೆಲಸ ಕಳೆದುಕೊಂಡಿದ್ದ. ಅವನ ನೀರಿನ ಬಾಟಲಿ ಇನ್ನೂ ಅಲ್ಲೇ ಇತ್ತು. ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಮಾಮ ಸೆಕೆಂಡುಗಳನ್ನು ಮತ್ತೊಮ್ಮೆ ಎಣಿಸುತ್ತಿದ್ದರು. ನಮ್ಮ ನಿಮ್ಮ ಹಾಗೆ ಅವರೂ ಧೈರ್ಯವಂತರೇನಲ್ಲ.

ಫುಟ್‌ಬಾಲ್ ಫೈನಲ್ ಮುಗಿದ ದಿನ ವಾರ್ತೆ ವಾರ್ತೆಗೂ ಅದೇ ಗೆಲುವಿನ ಗೋಲು. ಸಂಜೆ ಏಳರ ಹೊತ್ತಿಗೆ ಉಳಿದದ್ದು ನಾಲ್ಕು ಸೆಕೆಂಡ್. ಗೋಲಿಗೆ ಬೇಕಾದದ್ದು ಒಂಬತ್ತು. ವಾರ್ತೆ ಅರ್ಧ ಓದಿ ಆಗಿತ್ತು, ಕಿವಿಯ ಹೆಡ್‌ಫೋನಿನಲ್ಲಿ ಹೊಸ ಸಂಪಾದಕರ ಗರ್ಜನೆ:

"ಏನ್ರೀ, ಗೋಲು ಹಾಕ್ರೀ!"

"ಸಾರ್, ನಾಲ್ಕೇ ಸೆಕೆಂಡ್ ಉಳಿದಿರೋದು."

"ನಾಲ್ಕೋ ನಲವತ್ತೋ, ನಂಗೊತ್ತಿಲ್ಲ. ಹಾಕ್ದಿದ್ರೆ ನಾಳೆಯಿಂದ ಬರ್ಬೇಡಿ."

"ಹಾಕಿದ್ಮೇಲೆ ನೋಟಿಸು ಬಂದ್ರೆ ಸಾರ್?"

"ಆಗ್ಲೂ ಬರ್ಬೇಡಿ!"

ಮಾಮನಿಗೀಗ ಅತ್ತ ದರಿ, ಇತ್ತ ಪುಲಿ. ಮಗಳ ಓದು ಇನ್ನೂ ಎರಡು ವರ್ಷ ಬಾಕಿ. ಐವತ್ತೆರಡರ ಕತ್ತರಿಗೆ ಬೇರೆಲ್ಲಿ ಕೆಲಸ ಕೊಡುತ್ತಾರೆ? ಬೆರಳನ್ನು ಗುಂಡಿಯ ಮೇಲಿಟ್ಟರು. ಕಣ್ಣು ಮುಚ್ಚಿ ಒತ್ತಿಯೇಬಿಟ್ಟರು. ಕಾಲಿನಿಂದ ಚೆಂಡು ಚಿಮ್ಮಿತು, ಮೇಲೇರಿತು, ಗೋಲ್‌ಕೀಪರ್ ಹಾರಿದ... ಒಂದು, ಎರಡು, ಮೂರು, ನಾಲ್ಕು. ಕಟ್. ಪರದೆಯ ಮೇಲೆ "ಅದ್ಭುತ!" ಎನ್ನಲು ಬಾಯಿ ತೆರೆದಿದ್ದ ವಾರ್ತಾವಾಚಕಿ ತೆರೆದ ಬಾಯಲ್ಲೇ ಉಳಿದಳು.

ಬಾಗಿಲು ದಢಾರನೆ ತೆರೆಯಿತು. ಸಂಪಾದಕರ ಮುಖ ಕೆಂಡವಾಗಿತ್ತು.

"ರೀ, ಚೆಂಡು ಎಲ್ರೀ ಹೋಯ್ತು?"

ಮಾಮ ಎದ್ದು ನಿಂತರು. ಗೋಡೆಯ ಗಡಿಯಾರ ನೋಡಿದರು.

"ದಾರೀಲಿದೆ ಸಾರ್. ಬೆಳಗ್ಗೆ ಆರಕ್ಕೆ ತಲುಪುತ್ತೆ."