ಶೇಖಮ್ಮನ ಉಡಿಕಿಗೆ ಸಾಕ್ಷಿ

ಕಿವಿಗೊಡಿರಿ, ತಾಯಂದಿರೇ, ಅಣ್ಣಂದಿರೇ. ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿರಿಸಿ ಕೇಳಿರಿ. ಹಣೆಗೆ ವಿಭೂತಿ ಧರಿಸದೆ ಹೊಸ್ತಿಲು ದಾಟದ ನಾವು, ಉಣ್ಣುವ ಮೊದಲು ಶಿವನನ್ನು ನೆನೆಯುವ ನಾವು, ಒಬ್ಬ ಹೆಣ್ಣುಮಗಳಿಗಾಗಿ ಒಂದೇ ಒಂದು ನಿಜವನ್ನು ನುಡಿಯಲಾರದೆ ಹೋದ ಸಂಗತಿಯಿದು. ಇದನ್ನು ಹೇಳುವಾಗ ನನ್ನ ನಾಲಗೆ ಕಹಿಯಾಗುತ್ತದೆ. ಆದರೂ ಹೇಳಬೇಕು.

ಜವಳಗೇರಾದ ಶೇಖಮ್ಮ ಹುಟ್ಟಿದ್ದು ಶೆಫಾಲಿ ಎಂಬ ಹೆಸರಿನಲ್ಲಿ, ಗಡಿಯಾಚೆಯ ಬಂಗಾಲದ ನೆಲದಲ್ಲಿ. ಅಲ್ಲಿ ಬದುಕಲಾರದೆ ಓಡಿಬಂದ ಕುಟುಂಬಗಳಿಗೆ ಸರಕಾರ ಸಿಂಧನೂರಿನ ಬಳಿ ಕಾಲುವೆಯ ನೀರು ಹರಿಯುವಲ್ಲಿ ಜಮೀನು ಕೊಟ್ಟು, ಕ್ಯಾಂಪು ಕಟ್ಟಿಸಿ ನೆಲೆಗೊಳಿಸಿತು. ಅಪ್ಪನ ಹೆಗಲ ಮೇಲೆ ಕುಳಿತು ಬಂದ ಹುಡುಗಿ ಆ ಕ್ಯಾಂಪಿನಲ್ಲಿಯೇ ಬೆಳೆದಳು, ಮದುವೆಯಾದಳು, ಮದುವೆಯಾದ ವರ್ಷವೇ ಗಂಡನನ್ನು ಜ್ವರಕ್ಕೆ ಒಪ್ಪಿಸಿದಳು. ಅವರ ಪದ್ಧತಿಯಂತೆ ಮುತ್ತೈದೆತನದ ಬಿಳಿಯ ಶಂಖದ ಬಳೆಗಳನ್ನು ಒಡೆಸಿಕೊಂಡು, ಬರಿಗೈಯಲ್ಲಿ ಭತ್ತ ನಾಟಿ ಮಾಡಲು ಹೆಂಗಸರ ಗುಂಪಿನೊಡನೆ ಜವಳಗೇರಾಕ್ಕೆ ಬರತೊಡಗಿದಳು.

ಅಲ್ಲಿ ಅವಳನ್ನು ಕಂಡು ಮೆಚ್ಚಿದವನು ದುರುಗಪ್ಪ. ಊರಿನ ಧಣಿ ಹಂಪಣ್ಣನ ಟ್ರ್ಯಾಕ್ಟರು ಓಡಿಸುವ ಆಳು. ಮಾತು ಕಡಿಮೆ, ಮನಸ್ಸು ಚಿನ್ನ. ತಾಯಿ ಆದಮ್ಮ ಮೊದಲು ಹಣೆ ಚಚ್ಚಿಕೊಂಡಳು.

"ಮಾತು ಬರಂಗಿಲ್ಲ, ಜ್ವಾಳದ ರೊಟ್ಟಿ ತಟ್ಟಾಕ ಬರಂಗಿಲ್ಲ, ಎಲ್ಲಿಂದ ಹಿಡಕೊಂಡು ಬಂದೀಲೇ ಈಕೀನ್ನ?"

"ಮಾತು ನೀ ಕಲಿಸು, ರೊಟ್ಟಿನೂ ನೀನೇ ಕಲಿಸು. ನನಗ ಕಲಿಸಿಲ್ಲೇನು?" ಎಂದ ಮಗ. ಆದಮ್ಮ ನಕ್ಕುಬಿಟ್ಟಳು. ಶೇಖಮ್ಮ ಎಂದು ಹೊಸ ಹೆಸರಿಟ್ಟವಳೂ ಅವಳೇ.

ಗಂಡ ಸತ್ತವಳಿಗೆ ಮತ್ತೆ ತಾಳಿ ಕಟ್ಟಿಸುವುದನ್ನು ನಮ್ಮ ಸೀಮೆಯಲ್ಲಿ ಉಡಿಕಿ ಎನ್ನುತ್ತಾರೆಂಬುದು ನಿಮಗೆ ಗೊತ್ತು. ಹಂದರವಿಲ್ಲ, ವಾಲಗವಿಲ್ಲ, ಲಗ್ನಪತ್ರಿಕೆಯಿಲ್ಲ. ಹೊತ್ತು ಮುಳುಗಿದ ಮೇಲೆ ಹಿತ್ತಿಲಲ್ಲಿ ದೀಪ ಆರಿಸಿ ತಾಳಿ ಕಟ್ಟಿಸುತ್ತಾರೆ. ಬಂದವರೆಲ್ಲ ಗೋಡೆಯ ಕಡೆಗೆ ಮುಖ ತಿರುಗಿಸಿ ನಿಲ್ಲಬೇಕು. ಕಂಡವರಿಗೆ ಕೇಡು ತಟ್ಟುತ್ತದಂತೆ. ದುರುಗಪ್ಪನ ಮನೆತನದಲ್ಲಿ ಇನ್ನೊಂದು ಮಾತೂ ಇತ್ತು: ಹೆತ್ತ ತಾಯಿ ಮಗನ ಉಡಿಕಿಯನ್ನು ಕಣ್ಣಿಂದ ಕಂಡರೆ ಆ ಮಗ ಬಹಳ ದಿನ ಬಾಳುವುದಿಲ್ಲ. ಯಾವ ಶಿವ ಈ ಮಾತನ್ನು ಆಡಿದನೋ ನಾನರಿಯೆ. ಕೂಡಿ ಬಾಳಲು ಹೊರಟ ಎರಡು ಜೀವಗಳನ್ನು ಕಳ್ಳರಂತೆ ಕತ್ತಲಲ್ಲಿ ನಿಲ್ಲಿಸುವುದು ಶಿವನ ಮಾತಾಗಿರಲಾರದು. ಅಂತೂ ಉಡಿಕಿಯಾಯಿತು. ಹಂಪಣ್ಣನೇ ಹಿರಿಯನಾಗಿ ನಿಂತು ನಡೆಸಿದ. ಎಲ್ಲರೂ ಹೋಳಿಗೆ ಉಂಡು ಮನೆಗೆ ಹೋದರು.

ಮರುವರ್ಷ ಹೆಣ್ಣು ಕೂಸು ಹುಟ್ಟಿತು. ಕನಕಮ್ಮ ಎಂದು ಹೆಸರಿಟ್ಟರು. ಕೂಸು ನಡೆಯಲು ಕಲಿತ ಮೇಲೆ ದುರುಗಪ್ಪನಿಗೆ ಒಂದು ಚಿಂತೆ ಹತ್ತಿತು. "ನಾಳೆ ಇದಕ್ಕ ಯಾರೂ, ನಿಮ್ಮವ್ವ ಯಾವ ದೇಶದಾಕಿ ಅಂತ ಕೇಳಬಾರದು" ಎಂದು, ಈ ದೇಶದವನ ಹೆಂಡತಿಯೆಂಬ ಆಧಾರದ ಮೇಲೆ ಅವಳ ಹೆಸರಿಗೆ ಪೌರತ್ವಕ್ಕಾಗಿ ಅರ್ಜಿ ಹಾಕಿಸಿದ. ಆಗ ಎಂಬತ್ತೆಂಟನೆಯ ಇಸವಿ. ಅರ್ಜಿ ಮೇಲಕ್ಕೆ ಹೋಯಿತು. ವಿಚಾರಣೆಯ ಕರೆ ಬರುವ ಮೊದಲೇ, ಮುಕ್ಕುಂದದ ಕಡೆಯಿಂದ ಭತ್ತದ ಚೀಲ ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರು ಕಾಲುವೆಗೆ ಉರುಳಿತು. ದುರುಗಪ್ಪನನ್ನು ನೀರಿನಿಂದ ತೆಗೆದಾಗ ಅವನ ಮುಷ್ಟಿಯಲ್ಲಿ ಭತ್ತದ ಕಾಳುಗಳಿದ್ದವು.

ಅಂದಿನಿಂದ ಆದಮ್ಮ ಬೇರೆಯೇ ಹೆಂಗಸಾದಳು. ಸೊಸೆಯ ಮುಖ ನೋಡಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಸತ್ತವನ ದಿನಕರ್ಮ ಮುಗಿಯುತ್ತಲೇ ದುರುಗಪ್ಪನ ಅಣ್ಣ ಗೋಪಣ್ಣ ಅಂಗಳದಲ್ಲಿ ನಿಂತು ಊರಿಗೆ ಕೇಳುವಂತೆ ಹೇಳಿದ:

"ಎರಡು ಗಂಡ್ರನ್ನ ನುಂಗಿ ಕುಂತೀದಿ. ಇನ್ನ ಯಾರನ್ನ ನುಂಗಾಕ ಇಲ್ಲಿ ಇರ್ತಿ? ನಡಿ ನಿನ್ನ ಕ್ಯಾಂಪಿಗೆ."

"ಕೂಸಿನ್ನ ಕರಕೊಂಡು ಹೋಗ್ತೀನಿ, ಭಾವ."

"ಕೂಸು ನಮ್ಮ ರಕ್ತ. ಅದು ಇಲ್ಲೇ ಇರ್ತೈತಿ. ನೀ ನನ್ನ ತಮ್ಮನ ಹೇಂತಿ ಅಂತ ಸರಕಾರದ ಕಾಗದ ತೋರಿಸು, ಮನ್ಯಾಗ ಇರು. ಕಾಗದ ಇಲ್ಲ ಅಂದ್ರ ನೀ ಯಾರೋ, ನಾ ಯಾರೋ."

ಆದ್ದರಿಂದ, ಕೇಳುವ ಬಂಧುಗಳೇ, ಇತರರಿಗೆ ಅದು ಬರಿಯ ಕಾಗದವಾಗಿದ್ದರೂ, ಕೂಸನ್ನು ಬಿಟ್ಟು ಕ್ಯಾಂಪಿಗೆ ಮರಳಿದ ಶೇಖಮ್ಮನಿಗೆ ಅದು ಮಗಳೇ ಆಗಿತ್ತು.

ವಿಚಾರಣೆಗೆ ಲಿಂಗಸುಗೂರಿಗೆ ಬರಬೇಕೆಂಬ ಕರೆ ಬಂದಾಗ ಅವಳು ಸಿಂಧನೂರಿನ ಅರ್ಜಿ ಬರೆಯುವ ಪಕೀರಪ್ಪನ ಮುಂದೆ ತನ್ನ ಗಂಟು ಬಿಚ್ಚಿದಳು. ಅಪ್ಪ ಗಡಿ ದಾಟಿ ಬಂದಾಗ ಸರಕಾರ ಕೊಟ್ಟ ಚೀಟಿ, ಕ್ಯಾಂಪಿನ ರೇಷನ್ ಕಾರ್ಡು, ಗಂಡನ ಹೆಸರಿದ್ದ ಮತದಾರರ ಪಟ್ಟಿಯ ನಕಲು, ಅವನ ಮರಣದ ದಾಖಲೆ. ಪಕೀರಪ್ಪ ಒಂದೊಂದನ್ನೂ ಕನ್ನಡಕದ ಹತ್ತಿರ ಹಿಡಿದು ನೋಡಿದ.

"ಎಲ್ಲಾ ಐತಿ, ಮದುವಿ ಆಗಿದ್ದಕ್ಕ ಏನೈತಿ? ಲಗ್ನಪತ್ರಿಕಿ?"

"ಇಲ್ರೀ."

"ಫೋಟೋ ಹೊಡಸೀರೇನು?"

"ಇಲ್ರೀ."

"ಮಂತ್ರ ಹೇಳಿ ಅಕ್ಕಿಕಾಳು ಹಾಕಿಸಿದ ಐನೋರು ಯಾರು? ಅವರ ಕೈಲೆ ಬರಸೋಣು."

"ಉಡಿಕಿಗೆ ಐನೋರು ಎಲ್ಲಿ ಬರ್ತಾರ್ರೀ?"

ಪಕೀರಪ್ಪ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ. "ಎಂಥಾ ಮದುವಿ ಬೇ ಇದು! ಕಳುವು ಮಾಡಿದವರೂ ಇದಕ್ಕಿಂತ ಹೆಚ್ಚು ಗುರುತು ಬಿಟ್ಟಿರ್ತಾರ." ಅವಳ ಮುಖ ನೋಡಿ ಅವನೇ ತಗ್ಗಿದ. "ಅಳಬ್ಯಾಡ. ಕಾಗದ ಇಲ್ಲಂದ್ರ ಮನುಷ್ಯಾರೇ ಕಾಗದ. ತಾಳಿ ಕಟ್ಟಿದ್ದು ಕಣ್ಣಾರೆ ಕಂಡೀವಿ ಅನ್ನೋರು ಇಬ್ಬರು ಬೇಕು. ಒಬ್ಬರು ಗಂಡನ ಮನಿಯವರಾಗಿರಬೇಕು. ನಿಮ್ಮತ್ತಿ ಬಂದ್ರ ಕೆಲಸ ಮುಗೀತು."

ಅವಳು ಮೊದಲು ಹಂಪಣ್ಣನ ಕಟ್ಟೆಗೆ ಹೋದಳು. ಧಣಿ ಪೂಜೆ ಮುಗಿಸಿ ಆಗಷ್ಟೇ ಹೊರಗೆ ಬಂದಿದ್ದ.

"ಧಣಿ, ನೀವೇ ನಿಂತು ಮಾಡಿಸಿದ್ದು. ಒಂದು ಮಾತು ಹೇಳ್ರಿ."

"ಮಾಡಿಸೀನಿ, ಇಲ್ಲಂದಿಲ್ಲ. ನೋಡಿಲ್ಲ. ಗ್ವಾಡಿ ಕಡಿ ಮುಖ ಮಾಡಿ ನಿಂತಿದ್ದೆ."

"ಎಲ್ಲಾರೂ ಹಂಗೇ ಅಂತಾರ್ರೀ. ಹಂಗಾದ್ರ ನನಗ ತಾಳಿ ಕಟ್ಟಿದ್ದು ಯಾರು? ಗ್ವಾಡೀನಾ?"

ಕಟ್ಟೆಯ ಮೇಲಿದ್ದವರು ನಕ್ಕರು. ಹಂಪಣ್ಣನೂ ನಕ್ಕ. "ಬಾಯಿ ಚಲೋ ಕಲತಾಳ ನಮ್ಮ ಕನ್ನಡಾನ. ಹೋಗವ್ವಾ. ಕಾಣದ್ದನ್ನ ಕಂಡೀನಿ ಅಂತ ಪ್ರಮಾಣ ಮಾಡಿ ನಾ ನರಕಕ್ಕ ಹೋಗಲೇನು?"

ನೋಡಿರಿ, ನಿಜದ ಹೆಸರಿನಲ್ಲಿಯೇ ಹೇಗೆ ನಿಜದ ಕತ್ತು ಹಿಸುಕಬಹುದು! ಉಂಡವರ ಮನೆಗಳಿಗೆಲ್ಲ ಅವಳು ಹೋದಳು. ಎಲ್ಲ ಬಾಗಿಲುಗಳಲ್ಲೂ ಅದೇ ಗೋಡೆ.

ಆಗ ತನ್ನ ಎಡಗೈಯ ಮಣಿಕಟ್ಟಿನ ಗಾಯದ ಗುರುತು ಅವಳ ಕಣ್ಣಿಗೆ ಬಿತ್ತು. ಗೋಡೆಯ ಕಡೆ ತಿರುಗದೆ ಇದ್ದ ಒಬ್ಬ ಹೆಂಗಸು ನೆನಪಾದಳು. ಮಸ್ಕಿಯ ಬಳೆಗಾರ್ತಿ ಸಕೀನಾಬೀ. ಬುಟ್ಟಿ ಹೊತ್ತು ಈ ಊರುಗಳ ಮನೆಮನೆಗೂ ಬಳೆ ತೊಡಿಸುತ್ತಿದ್ದ ವಿಧವೆ. ಉಡಿಕಿಯ ಸಂಜೆ ಹಸಿರು ಬಳೆ ತೊಡಿಸಲು ಬಂದವಳು ಅವಳೇ. ನಾಟಿ ಮಾಡಿ ದಪ್ಪಗಾದ ಕೈಗೆ ಬಳೆ ಏರದೆ ಒಡೆದು, ಗಾಜು ಮಣಿಕಟ್ಟನ್ನು ಸೀಳಿತ್ತು.

ಮಸ್ಕಿಯಲ್ಲಿ ಸಕೀನಾಬೀ ಅವಳ ಕೈ ಹಿಡಿದು ಆ ಗುರುತನ್ನು ಬೆರಳಿನಿಂದ ಸವರಿದಳು.

"ಬರ್ತೀನಿ ಬೇಟಿ. ನಮ್ಮ ಪೈಕಿ ಈ ಗ್ವಾಡಿ ನೋಡೋ ಪದ್ಧತಿ ಇಲ್ಲ. ನಾ ಕಂಡೀನಿ. ಆದರ ಕಂದೀಲು ಹಿಡದಿದ್ದು ಯಾರು ಅಂತ ಕೇಳಿದ್ರ?"

ಶೇಖಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಆ ಮಾತು ಬ್ಯಾಡ ಯಕ್ಕಾ. ನಮ್ಮತ್ತಿ ಸತ್ತುಹೋಗ್ತಾಳ."

ವಿಚಾರಣೆಯ ದಿನ ಲಿಂಗಸುಗೂರಿನ ಕಚೇರಿಯ ಮುಂದೆ ಬಸ್ಸಿನಿಂದ ಗೋಪಣ್ಣ ಇಳಿದ. ಗಂಡನ ಮನೆಯವರಿಗೂ ಕರೆ ಹೋಗಿತ್ತು; ಅವನ ಹಿಂದೆ ಕೂಸನ್ನೆತ್ತಿಕೊಂಡ ಆದಮ್ಮ. ಅತ್ತೆಯನ್ನು ಕಂಡು ಶೇಖಮ್ಮನಿಗೆ ಜೀವ ಬಂದಂತಾಗಿ, ಓಡಿಹೋಗಿ ಕಾಲು ಮುಟ್ಟಿದಳು. ಆದಮ್ಮ ಸೀರೆಯ ಅಂಚನ್ನು ಎಳೆದುಕೊಂಡಳು; ಕೂಸು ಮಾತ್ರ ಜಿಗಿದು ತಾಯಿಯ ತೋಳು ಸೇರಿತು.

ಅಧಿಕಾರಿ ತಾಳ್ಮೆಯ ಮನುಷ್ಯ; ಅವರಲ್ಲಿ ತಪ್ಪು ಹುಡುಕಲಾರೆ. ಮೊದಲು ತಾಯಿಯನ್ನೇ ಕೇಳಿದರು. ಆದಮ್ಮ ಹಣೆಯ ವಿಭೂತಿಯನ್ನು ಮುಟ್ಟಿ ಹೇಳಿದಳು:

"ಈಕಿ ನಮ್ಮ ಮನ್ಯಾಗ ಇದ್ದದ್ದು ಖರೆ. ಮದುವಿ ನಾ ಕಂಡಿಲ್ರೀ. ಶಿವನ ಆಣಿ, ನಾ ಕಂಡಿಲ್ಲ."

ಗೋಪಣ್ಣ ಮೀಸೆಯ ಅಡಿಯಲ್ಲಿ ನಕ್ಕ. ಅಧಿಕಾರಿ ಬರೆಯಲು ಬಗ್ಗಿದರು. ಅಷ್ಟರಲ್ಲಿ ಸಕೀನಾಬೀ ಮುಂದೆ ಬಂದಳು.

"ಸಾಹೇಬ್ರ, ನಾ ಕಂಡೀನಿ. ಈ ಕೈಯಿಂದ ಬಳಿ ಏರಿಸೀನಿ. ನನ್ನ ಮುಂದೇ ದುರುಗಪ್ಪ ತಾಳಿ ಕಟ್ಯಾನ."

"ಬಳೆಗಾರ್ತಿ ಮಾತು ಹಿಡಿಬ್ಯಾಡ್ರಿ ಸಾಹೇಬ್ರ" ಎಂದ ಗೋಪಣ್ಣ. "ದೀಪ ಆರಿಸಿದ ಹಿತ್ತಲದಾಗ ಈ ಮುದುಕಿಗೆ ಏನು ಕಂಡೀತು?"

"ಆಕಿ ಕೂಸನ್ನ ನಮ್ಮದು ಅಂತ ಕಸಗೊಳ್ಳಾಕ ನಿನಗ ಬೆಳಕೈತಿ, ಆಕಿ ತಾಳಿ ಕಾಣಾಕ ಕತ್ತಲೇನು?" ಎಂದಳು ಸಕೀನಾಬೀ.

ಅಧಿಕಾರಿ ಕೈ ಎತ್ತಿ ಸುಮ್ಮನಿರಿಸಿದರು. "ಅವರು ಕೇಳಿದ್ದರಲ್ಲಿ ಅರ್ಥವಿದೆಯಮ್ಮ. ಕತ್ತಲಿತ್ತಲ್ಲ, ನಿಮಗೆ ಹೇಗೆ ಕಂಡಿತು?"

ಸಕೀನಾಬೀ ಶೇಖಮ್ಮನ ಕಡೆ ನೋಡಿದಳು. ಶೇಖಮ್ಮ ಬೇಡವೆಂದು ತಲೆಯಾಡಿಸಿದಳು. ಹಾಗೆ ತಲೆಯಾಡಿಸುವಾಗಲೇ ತನ್ನ ತೋಳಿನೊಳಗಿದ್ದ ಕೂಸನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದಳು. ಬಳೆಗಾರ್ತಿ ಆ ತೋಳನ್ನು ನಂಬಿದಳು, ತಲೆಯನ್ನಲ್ಲ.

"ಬಳಿ ಒಡದು ರಕ್ತ ಸುರೀತು, ಸಾಹೇಬ್ರ. ಹುಡಿಗಿ ಒದರಿದಳು. ಎಲ್ಲಾರೂ ಗ್ವಾಡಿ ನೋಡಕೋತ ನಿಂತ್ರು. ಈ ಆದಮ್ಮ ಒಬ್ಬಾಕಿನೇ ಓಡಿ ಬಂದು ಕಂದೀಲು ಹಿಡದ್ಲು. ತನ್ನ ಸೆರಗು ಹರದು ಆ ಕೈಗೆ ಕಟ್ಟಿದ್ಲು. ಆಕಿ ಹಿಡದ ಬೆಳಕಿನ್ಯಾಗೇ ದುರುಗಪ್ಪ ತಾಳಿ ಕಟ್ಟಿದ. ಗಂಟು ಸರಿ ಹಾಕಲೇ ಅಂತ ಆಕಿನೇ ಹೇಳಿದ್ಲು."

ಆದಮ್ಮ ನಿಂತಲ್ಲಿಯೇ ನೆಲಕ್ಕೆ ಕುಸಿದಳು. ಆಮೇಲೆ ಅವಳಿಂದ ಬಂದ ದನಿ, ಕೇಳಿದವರು ಹೇಳುವಂತೆ, ಮನುಷ್ಯರದ್ದಾಗಿರಲಿಲ್ಲ.

"ಹಿಡದೆ! ನಾನೇ ಹಿಡದೆ. ಕಣ್ಣು ತುಂಬ ಕಂಡೆ. ಕಂಡದ್ದಕ್ಕೇ ಹ್ವಾದ ನನ್ನ ಮಗ. ನಾನೇ ಕೊಂದೆ. ಬರಕೊಳ್ರಿ, ಅದನ್ನೂ ಬರಕೊಳ್ರಿ."

ಅವಳ ಕ್ರೌರ್ಯದ ಬೇರು ಆಗ ಎಲ್ಲರಿಗೂ ಕಂಡಿತು. ಸೊಸೆಯ ಮೇಲಿನ ಹಗೆಯಲ್ಲ ಅದು. ಒಂದು ಗಳಿಗೆ ಮರುಗಿದ್ದಕ್ಕೆ ಮಗನನ್ನು ಕಳೆದುಕೊಂಡೆನೆಂದು ನಂಬಿದ ತಾಯಿ, ಆ ಮರುಕವನ್ನೇ ಆಗಿಲ್ಲವೆನ್ನಲು ಹೊರಟಿದ್ದಳು. ನಮ್ಮ ಹಿರಿಯರ ಒಂದು ಹುಚ್ಚು ಮಾತು ಅವಳ ಎದೆಯಲ್ಲಿ ಕುಳಿತು ಅವಳನ್ನು ದಿನವೂ ಕಚ್ಚುತ್ತಿತ್ತು.

ಅಧಿಕಾರಿ ಮದುವೆಯ ಸಂಗತಿಯನ್ನಷ್ಟೇ ಬರೆದುಕೊಂಡರು. ಮರುವರ್ಷ ಕಾಗದ ಬಂತು. ಶೇಖಮ್ಮ ಈ ನೆಲದವಳಾದಳು; ಕನಕಮ್ಮ ತಾಯಿಯ ಬಳಿಯೇ ಉಳಿದಳು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ನಿಮಗೆ ನಿದ್ದೆ ಸುಖವಾಗಿ ಬರುತ್ತದೆ. ಆದರೆ ನಡೆದದ್ದು ಹೀಗೆ. ಕಚೇರಿಯ ಅಂಗಳದಲ್ಲಿಯೇ ಗೋಪಣ್ಣ ಹೆತ್ತವಳ ಮೇಲೆ ಉಗುಳಿದ. "ನನ್ನ ತಮ್ಮನ್ನ ತಿಂದಾಕಿ ಈಕಿ ಅಂದಕೊಂಡಿದ್ದೆ. ನೀನು!" ಎಂದು, ತಾಯಿಯನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದ. ಊರೂ ಅದನ್ನೇ ಹಿಡಿಯಿತು. ಆದಮ್ಮ ಬಾವಿಗೆ ಬಂದರೆ ಹೆಂಗಸರು ಕೊಡ ಸರಿಸಿಕೊಂಡರು. ಬಸುರಿಯರ ಕಣ್ಣಿಗೆ ಬೀಳಬೇಡವೆಂದರು. ಹಿರಿಯ ಸೊಸೆ ಅವಳ ಕೈಯ ನೀರನ್ನು ಚೆಲ್ಲಿದಳು. ಸಕೀನಾಬೀಯನ್ನೂ ಬಿಡಲಿಲ್ಲ. ಮನೆಯ ಮಾತನ್ನು ಕಚೇರಿಗೆ ಒಯ್ದವಳೆಂದು ಜವಳಗೇರಾದಲ್ಲಿ ಯಾರೂ ಅವಳಿಗೆ ಕೈ ನೀಡಲಿಲ್ಲ. ಹಂಪಣ್ಣನ ಮಗಳ ಮದುವೆಗೆ ಬೇರೆ ಬಳೆಗಾರನನ್ನು ಕರೆಸಿದರು. ಅವಳು ಬುಟ್ಟಿಯೊಡನೆ ಬಾಗಿಲಲ್ಲಿ ನಿಂತಾಗ, "ಸಾಕ್ಷಿ ಹೇಳಾಕ ಬಂದೀಯೇನು?" ಎಂದು ನಗೆಯಾಡಿ ಕಳಿಸಿದರು.

ಆದಮ್ಮನನ್ನು ಮನೆಗೆ ಕರೆತಂದವಳು ಶೇಖಮ್ಮ. ಗಂಡನ ಪಾಲೆಂದು ತನಗೆ ಸಿಕ್ಕ ಒಂದು ಕೋಣೆಯಲ್ಲಿ ಇಟ್ಟುಕೊಂಡಳು, ರೊಟ್ಟಿ ತಟ್ಟಿ ಕೊಟ್ಟಳು. ಆದಮ್ಮ ಆ ರೊಟ್ಟಿಯನ್ನು ಉಂಡಳು. ಆದರೆ ಸಾಯುವವರೆಗೂ ಗೋಡೆಯ ಕಡೆಗೆ ಮುಖ ಮಾಡಿಯೇ ಉಂಡಳು. ಮೊಮ್ಮಗಳು ಬೆನ್ನ ಮೇಲೆ ಏರಿ "ಈ ಕಡಿ ತಿರುಗು ಆಯಿ" ಎಂದರೂ ತಿರುಗಲಿಲ್ಲ. ಅವಳ ಪರವಾಗಿ ನಾನು ಎಷ್ಟೋ ಸಲ ಬೇಡಿಕೊಂಡಿದ್ದೇನೆ: ಶಿವನೇ, ನಮ್ಮ ಮಾತಿನಿಂದ ಕುರುಡಾದ ಈ ತಾಯಿಗೆ ನೀನಾದರೂ ಮುಖ ತೋರಿಸು.

ತೊಂಬತ್ತರ ದಶಕದ ಕೊನೆಗೆ ಸಕೀನಾಬೀ ಮಸ್ಕಿಯ ಬಸ್ ನಿಲ್ದಾಣದ ಬಳಿ ಬುಟ್ಟಿಯಿಟ್ಟು ಕೂಡುತ್ತಿದ್ದಳು. ಜವಳಗೇರಾದ ಹೆಂಗಸರು ಅವಳನ್ನು ದಾಟಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ಮಾತ್ರ, ಬರಿಗೈಯ ಒಬ್ಬ ತಾಯಿ ಬೆಳೆದ ಮಗಳನ್ನು ಕರೆತಂದು ಅವಳ ಮುಂದೆ ಕೂಡಿಸುತ್ತಿದ್ದಳು. ಸಕೀನಾಬೀ ಕನಕಮ್ಮನ ಕೈ ಹಿಡಿದು, ಗಾಜು ಎಲ್ಲಿಯೂ ತಾಗದಂತೆ, ಬಹಳ ಹೊತ್ತು ತೆಗೆದುಕೊಂಡು ಬಳೆ ಏರಿಸುತ್ತಿದ್ದಳು. ಒಮ್ಮೆ ನಾನು ಕೇಳಿದೆ: "ಆ ಮಾತು ಆಡಿ ನಿನಗೇನು ಸಿಕ್ಕಿತವ್ವಾ?"

"ಸಿಗಾಕೇನು ಐತ್ರೀ? ಕಂಡಿದ್ದೆ, ಹೇಳಿದೆ" ಎಂದಳು.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಒಬ್ಬ ಶೇಖಮ್ಮ ಯಾರದೋ ಕಟ್ಟೆಯ ಮುಂದೆ ನಿಂತಿರಬಹುದು. ಅವಳು ನಿಮ್ಮ ಬಾಗಿಲಿಗೆ ಬಂದಾಗ ನಿಮ್ಮ ಪದ್ಧತಿಯನ್ನು ಹುಡುಕಬೇಡಿ, ನಿಮ್ಮ ಪುಣ್ಯವನ್ನು ಎಣಿಸಬೇಡಿ. ನೀವು ಕಂಡದ್ದನ್ನು, ಸಕೀನಾಬೀ ಹೇಳಿದಂತೆ, ಕಂಡೆನೆಂದು ಹೇಳಿರಿ. ಕೈಮುಗಿದು ಬೇಡುತ್ತೇನೆ, ಗೋಡೆಯ ಕಡೆಗೆ ತಿರುಗಬೇಡಿ.