ಸಾತವ್ವನ ಹಲ್ಲಿಗೆ ಅಡ್ಡ ಬಂದ ಕಾರ್ಡು

ರನ್ನ ಬೆಳಗಲಿಯ ಸಾತವ್ವನಿಗೆ ಐವತ್ತೆರಡು ವರ್ಷ. ಉಣ್ಣೆ ನೂಲುವಾಗ ದಾರವನ್ನು ಹಲ್ಲಿನಿಂದಲೇ ಕಡಿಯುವವಳು. ಹನ್ನೊಂದು ದಿನದಿಂದ ಎಡದವಡೆಯ ಹುಳುಕು ಹಲ್ಲಿನ ಬುಡದಲ್ಲಿ ಕೀವು ತುಂಬಿ, ಕೆನ್ನೆ ಬಾತು, ಗಂಜಿಯಲ್ಲೇ ದಿನ ಕಳೆಯುತ್ತಿದ್ದಳು.

ಕೀಳುವುದು ಹತ್ತು ನಿಮಿಷದ ಕೆಲಸ. ಅಡ್ಡ ಬಂದದ್ದು ಒಂದು ಕಾರ್ಡು. ಹಿಂದಿನ ವರ್ಷ ಊರಿನ ರಕ್ತ ತಪಾಸಣೆಯಲ್ಲಿ ಅವಳು 'ಸಿಕಲ್ ಸೆಲ್ ವಾಹಕಿ' ಎಂದು ತಿಳಿದು, ಹಾಗೆ ಬರೆದ ಕಾರ್ಡು ಕೊಟ್ಟಿದ್ದರು. ರಕ್ತಕಣ ಕುಡುಗೋಲಿನಂತೆ ಬಾಗುವ ಆ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ರೋಗ; ಒಬ್ಬರಿಂದ ಮಾತ್ರ ಬಂದವರು ವಾಹಕರು, ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಕಾರ್ಡು ಓದಿದವರೆಲ್ಲ ಮೊದಲೆರಡು ಪದಕ್ಕೇ ನಿಂತುಬಿಡುತ್ತಿದ್ದರು.

ಮುಧೋಳದ ಒಬ್ಬ ದಂತವೈದ್ಯರು, "ದೊಡ್ಡ ದವಾಖಾನಿಗೆ ಹೋಗ್ರಿ" ಎಂದರು. ಇನ್ನೊಬ್ಬರು ರಕ್ತದ ಡಾಕ್ಟರರ ಚೀಟಿ ತರಲು ಹೇಳಿದರು. ಚೀಟಿ ಕೊಡುವವರು ಗುರುವಾರ ಮಾತ್ರ ಸಿಗುತ್ತಾರೆ. ಆ ಗುರುವಾರ ಅವರು ರಜೆ.

"ಈ ಕಾರ್ಡ ತೋರಿಸಿದ್ರ ಬಸ್ಸಿನ್ಯಾಗರೆ ಸೀಟ ಸಿಗ್ತೈತೇನ ನೋಡ ಬೇ" ಎಂದ ಗಂಡ ಗಿರಮಲ್ಲಪ್ಪ.

"ನಿಮ್ಮ ಹಲ್ಲ ನೋಯ್ಲಿ, ಆಮ್ಯಾಲೆ ನಗೀರಂತ."

ಮೂರು ಸಲ ಹೀಗೆ ಸುಮ್ಮನೆ ಮರಳಿ, ನಾಲ್ಕನೆಯ ಸಲ ಜಮಖಂಡಿಗೆ ಹೋದರು. ದಂತವೈದ್ಯ ಸನ್ಮತಿ ಕಾರ್ಡನ್ನು ಕೊನೆಯವರೆಗೆ ಓದಿದರು.

"ನೀವು ವಾಹಕರು ಅಷ್ಟ. ಹಲ್ಲ ಕೀಳಬಹುದು. ಕೀವು ಹಂಗ ಬಿಡೂದ ಕೆಟ್ಟದ್ದು. ಮುಂಜಾನಿ ಏನ ತಿಂದೀರಿ?"

"ಏನೂ ಇಲ್ರಿ. ನೀರ ಸೈತ ಮುಟ್ಟಿಲ್ಲ."

"ಯಾಕ್ರಿ?"

"ಹ್ವಾದ ವರ್ಷ ರಕ್ತ ತಪಾಸಣಿಗೆ ಖಾಲಿ ಹೊಟ್ಟಿಲೇ ಬಾ ಅಂದಿದ್ರಲ್ರಿ. ದವಾಖಾನಿ ಅಂದ್ರ ಹಂಗ ಬರೂದಲ್ರಿ?"

ನಾಲ್ಕು ಸಲವೂ ಅವಳು ಹಾಗೆಯೇ ಮನೆ ಬಿಟ್ಟಿದ್ದಳು. ಸನ್ಮತಿ ಪೆನ್ನು ಕೆಳಗಿಟ್ಟರು. ನೀರಿಲ್ಲದೆ ಮೈ ಒಣಗುವುದು ಈ ರಕ್ತದವರಿಗೆ ಒಳ್ಳೆಯದಲ್ಲ. ಹಸಿದ ಹೊಟ್ಟೆಯಲ್ಲಿದ್ದಾಗ ದವಡೆಗೆ ಸೂಜಿ ಚುಚ್ಚಿದರೆ ತಲೆ ತಿರುಗಲೂಬಹುದು.

"ನಾಳೆ ಉಂಡು ಬರ್ರಿ."

"ನಾಳೆ ಅನ್ನಬ್ಯಾಡ್ರಿ! ಆ ಮಾತ ಕೇಳಿ ಕೇಳಿ ಕಿವೀನೂ ನೋಯಾಕತ್ತಾವ."

ಸಾತವ್ವ ಹೊರಗಿನ ಬೆಂಚಿನ ಮೇಲೆ ಕುಳಿತುಬಿಟ್ಟಳು. ಗಿರಮಲ್ಲಪ್ಪ ಹಾಲು, ಬಾಳೆಹಣ್ಣು ತಂದ. ಬಲದವಡೆಯಲ್ಲಿ ಹಣ್ಣು ಮೆತ್ತಗೆ ಮಾಡಿ ನುಂಗಿ, ಎರಡು ಬಾಟಲಿ ನೀರು ಕುಡಿದಳು. ಒಂದೂವರೆ ತಾಸಿನ ಮೇಲೆ ಸನ್ಮತಿ ರಕ್ತದೊತ್ತಡ ನೋಡಿ, ದವಡೆ ಮರಗಟ್ಟಿಸಿ ಹಲ್ಲು ಕಿತ್ತರು. ಎಂಟೇ ನಿಮಿಷ ಹಿಡಿಯಿತು.

ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಸಾತವ್ವ ಕಾರ್ಡಿನ ಖಾಲಿ ಹಿಂಬದಿಯನ್ನು ತೋರಿಸಿ, ಬರೆಯುವಂತೆ ಬೆರಳಾಡಿಸಿದಳು. ಗಿರಮಲ್ಲಪ್ಪನಿಗೆ ಅರ್ಥವಾಯಿತು.

"ಹಲ್ಲ ಕಿತ್ತರೂ ಏನೂ ಆಗಲಿಲ್ಲ ಅಂತ ಬರೀಬೇಕಂತ್ರಿ. ನಮ್ಮ ಮಗಳು ಭಾಗ್ಯಾಗೂ ಇಂಥಾದ ಕಾರ್ಡ ಐತಿ. ನಾಳೆ ಆಕಿನ್ನೂ ಹಿಂಗ ಓಡಾಡಸ್ತಾರ."

"ಇವತ್ತ ಹೆಂಗ ಬರೀಲಿ? ಗಾಯ ಮಾಯಬೇಕು. ಏಳ ದಿನಕ್ಕ ಬರ್ರಿ."

ಮತ್ತೆ ಓಡಾಟ! ಸಾತವ್ವ ಹತ್ತಿಯನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿದಳು.

ಏಳನೆಯ ದಿನ ಅವಳು ಬಂದಳು. ಗಾಯ ಚೆನ್ನಾಗಿ ಕೂಡಿತ್ತು. ಅದನ್ನು ನೋಡಿದ ಸನ್ಮತಿ ಮಾತಾಡುವ ಮೊದಲೇ ಕಾರ್ಡನ್ನು ಮಗುಚಿ ಮೇಜಿನ ಮೇಲಿಟ್ಟಳು.

"ಎರಡ ರೊಟ್ಟಿ ತಿಂದೇನಿ, ತಂಬಿಗಿ ನೀರ ಕುಡದೇನಿ. ಈಗರೆ ಬರೀರಿ, ಎಲ್ಲಾರಿಗೂ ತಿಳಿಯೂಹಂಗ ಕನ್ನಡದಾಗ."