ಹೆಸರಿಲ್ಲದ ನಂಬರಿಗೆ ಬಾಗಿಲು

ಕಳೆದ ಶನಿವಾರ ಮಧ್ಯಾಹ್ನ ಎರಡಕ್ಕೆ, ನಮ್ಮ ಕನ್ನಡ ಸಂಘದ ಎರಡು ಕಂಪ್ಯೂಟರುಗಳು ಮಾತು ಬಿಟ್ಟಿರುವುದು ಗೊತ್ತಾಯಿತು. ನಡುವೆ ಇರುವುದು ಒಂದು ಗೋಡೆ, ಎಂಟು ಹೆಜ್ಜೆ.

ನೆರೂಳದ ಈ ಸಂಘದಲ್ಲಿ ಸೋಮವಾರ, ಶನಿವಾರ ಟೈಪಿಂಗ್ ನನ್ನ ಸೇವೆ. (ಮನೆಯಲ್ಲಿ ಇದನ್ನು 'ನಿನ್ನ ಆಫೀಸು' ಎನ್ನುತ್ತಾರೆ, ನಗದೇ.) ವಧೂವರ ಸಮಾವೇಶದ ಪುಸ್ತಕದ ಫೈಲು ಒಳಕೋಣೆಯ ಸರ್ವರಿನಲ್ಲಿದೆ. ಕನ್ನಡ ಅಕ್ಷರ ಇರುವುದು ಮಾತ್ರ ಹೊರಗಿನ ನನ್ನ ಕಂಪ್ಯೂಟರಿನಲ್ಲಿ. ಸರ್ವರಿನಲ್ಲೇ ತೆರೆದರೆ ಕನ್ಯೆಯರೆಲ್ಲ ಡಾಲರ್ ಗುರುತು, ಪ್ರಶ್ನೆ ಗುರುತುಗಳಾಗಿ ಕಾಣುತ್ತಾರೆ.

ಸೋಮವಾರ ಹಳೆಯ ಸರ್ವರ್ ಹೋಗಿ ಹೊಸದು ಬಂದಿತ್ತು. ಈಗ ನನ್ನ ಕಂಪ್ಯೂಟರಿಗೆ ಅದರ ಫೋಲ್ಡರೇ ಸಿಗುತ್ತಿಲ್ಲ. ನಾಲ್ಕಕ್ಕೆ ಪ್ರೆಸ್ಸಿನವರು ಫೈಲು ಒಯ್ಯಲು ಬರುವವರಿದ್ದರು.

ಎರಡೂಕಾಲಿಗೆ ದೀಪಾ ಬಂದಳು. ಘೋಡಬಂದರ್ ರಸ್ತೆಯ ಲ್ಯಾಬೊಂದರಲ್ಲಿ ಕೆಲಸ. ಅಪ್ಪನಿಗೆ ಉಲ್ಹಾಸನಗರದಲ್ಲಿ ಬಟ್ಟೆ ಅಂಗಡಿ. ಪುಸ್ತಕಕ್ಕೆ ಅವಳ ಬಯೋಡೇಟಾ ಬರೆದುಕೊಟ್ಟವರು ಅಪ್ಪ. ಕೊನೆಯ ಸಾಲು: 'ಮದುವೆಯ ನಂತರ ನೌಕರಿ ಬಿಡಲು ಒಪ್ಪಿಗೆ ಇದೆ.' ದೀಪಾಳಿಗೆ ಕನ್ನಡ ಓದಲು ಬಾರದು. ಹಿಂದಿನ ದಿನ ಚಿಕ್ಕಮ್ಮ ಪ್ರೂಫ್ ಓದಿ ಹೇಳಿದರಂತೆ.

"ಯೇ ಮೈನೇ ನಹೀ ಬೋಲಾ, ಆಂಟಿ" ಎಂದಳು, ಇದು ತಾನು ಹೇಳಿದ್ದಲ್ಲ ಎಂದು. ಅಷ್ಟೇ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಸರ್ವರ್ ಹಾಕಿದ ಕುಲಕರ್ಣಿಯವರಿಗೆ ಫೋನ್ ಮಾಡಿದೆ. ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತೇ ಚಿಕಿತ್ಸೆ ಹೇಳಿದರು. ಕೇಬಲ್ ಕಿತ್ತು ಹಾಕಿದೆ. ಎರಡನ್ನೂ ಆರಿಸಿ ಹೊತ್ತಿಸಿದೆ. ಪೆನ್ ಡ್ರೈವ್? ವೈರಸ್ಸಿಗೆ ಹೆದರಿ ಹೊಸ ಸರ್ವರಿನಲ್ಲಿ ಅದನ್ನು ಅವರೇ ಬಂದ್ ಮಾಡಿಟ್ಟಿದ್ದರು. ಮೂರು ಗಂಟೆಯಾಯಿತು. ದೀಪಾ ಗಡಿಯಾರ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಮೇಡಂ, ಸೋಮವಾರ ಸರ್ವರ್ ಮ್ಯಾಲೆ ಏನರ ಬಾಕ್ಸ್ ಬಂದಿತ್ತೇನ್ರಿ? ಫೈರ್‌ವಾಲ್‌ದು? ಒಳಗ ಬಿಡ್ಲೇನು ಅಂತ ಕೇಳ್ತದ" ಎಂದರು ಫೋನಿನಲ್ಲಿ ಕುಲಕರ್ಣಿಯವರು.

ಬಂದಿತ್ತು. ಆಗ ನಾನು ಹೊಸ ಸರ್ವರಿನ ಧೂಳು ಒರೆಸುತ್ತಿದ್ದೆ. (ಹೊಸದಕ್ಕೆಂಥ ಧೂಳು ಎಂದು ಕೇಳಬೇಡಿ.) ಯಾರೋ ಒಳಗೆ ಬರಲು ಅನುಮತಿ ಕೇಳುತ್ತಿದ್ದರು. ಹೆಸರಿಲ್ಲ, ನಡುನಡುವೆ ಚುಕ್ಕಿ ಇಟ್ಟ ಒಂದು ನಂಬರು ಮಾತ್ರ. ನೀವಾದರೂ ತೆರೆಯುತ್ತಿದ್ದಿರಾ? ಇಪ್ಪತ್ತು ವರ್ಷಗಳಿಂದ ಸೇಫ್ಟಿ ಡೋರಿನ ಜಾಲರಿಯ ಹಿಂದೆ ನಿಂತು, ವಾಟರ್ ಫಿಲ್ಟರಿನವರಿಗೂ ಕಾರ್ಪೆಟ್ಟಿನವರಿಗೂ ಅವರ ಮಾತು ಮುಗಿಯುವ ಮೊದಲೇ 'ನಕೋ', ಬೇಡ, ಎಂದವಳು ನಾನು. ಬ್ಲಾಕ್ ಒತ್ತಿದೆ. ಕೆಳಗೆ, ಈ ಉತ್ತರವನ್ನು ನೆನಪಿಡಲೇ ಎಂಬ ಚೌಕವಿತ್ತು. ಅದಕ್ಕೂ ಟಿಕ್ ಹಾಕಿದೆ. ಯಾವ ಖಾನೆಯನ್ನೂ ಖಾಲಿ ಬಿಡಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು.

ಆ ನಂಬರು ನನ್ನದೇ ಕಂಪ್ಯೂಟರು.

ಕುಲಕರ್ಣಿಯವರಿಗೆ ತಪ್ಪೊಪ್ಪಿಕೊಂಡೆ. ಅವರು, ಫೈರ್‌ವಾಲಿನ ಗೋಡೆಯನ್ನೇ ಕೆಡವಬೇಡಿ, ಆ ಒಂದು ನಂಬರನ್ನಷ್ಟೇ ಒಳಗೆ ಬಿಡಿ ಎಂದು ದಾರಿ ಹೇಳಿದರು.

ಮೂರೂ ಇಪ್ಪತ್ತಕ್ಕೆ ಫೋಲ್ಡರ್ ತೆರೆಯಿತು. ದೀಪಾ ಹಿಂದಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಟೈಪ್ ಮಾಡಿದೆ: 'ಮದುವೆಯ ನಂತರವೂ ನೌಕರಿ ಮುಂದುವರಿಸುವೆ.' ಎರಡು ಸಲ ಓದಿಸಿಕೊಂಡು ಕೇಳಿದಳು. ಬ್ಯಾಗನ್ನು ಹೆಗಲಿಗೇರಿಸಿ ಹೊರಟಳು.

ಪುಸ್ತಕ ಅಚ್ಚಾಗಿ ಬಂದ ದಿನ ಅವಳ ಅಪ್ಪನ ಫೋನು ಬಂತು. ಜೋರು ಮಾಡಲಿಲ್ಲ, ನೊಂದುಕೊಂಡಿದ್ದರು.

"ಬರಿಯೂಕಿಂತ ಮೊದ್ಲ ಒಂದ್ ಮಾತು ಕೇಳ್ಬೇಕಿತ್ತಲ್ರಿ, ಮೇಡಂ."

"ಹೌದು, ಕೇಳಬೇಕಿತ್ತು" ಎಂದೆ. "ಯಾರನ್ನು?"